ದವಡೆ ಮುರಿದ ಕರಡಿಯೂ ಚಳಿಗಾಲದ ಗಡುವೂ: ಕಟ್ಮಾಯ್‌ನ 32 ಚಂಕ್ ಪ್ರಕರಣ

2025ರ ಜೂನ್‌ನಲ್ಲಿ ಅಲಾಸ್ಕದ ಬ್ರೂಕ್ಸ್ ನದಿಯ ಹತ್ತಿರ ಕಾಣಿಸಿಕೊಂಡ 32ನೇ ನಂಬರಿನ ಗಂಡು ಕರಡಿಯ ಕೆಳದವಡೆ ಮುರಿದು ಒಂದು ಪಕ್ಕಕ್ಕೆ ವಾಲಿತ್ತು. ಅಡ್ಡಹೆಸರು ಚಂಕ್, ವಯಸ್ಸು ಸುಮಾರು ಇಪ್ಪತ್ತು. ಗಾಯ ಹಸಿಯಾಗಿತ್ತು. ಸೆಪ್ಟೆಂಬರ್ 30ಕ್ಕೆ ಅದೇ ಕರಡಿ 1,200 ಪೌಂಡ್, ಅಂದರೆ ಸುಮಾರು 544 ಕೆಜಿ ಮೀರಿದ ಅಂದಾಜು ತೂಕದೊಂದಿಗೆ ಚಳಿಗಾಲಕ್ಕೆ ಚೆನ್ನಾಗಿ ಕೊಬ್ಬಿದ ಕರಡಿಯನ್ನು ಆರಿಸುವ ‘ಫ್ಯಾಟ್ ಬೇರ್ ವೀಕ್’ ಎಂಬ ಸಾರ್ವಜನಿಕ ಮತದಾನದಲ್ಲಿ ಗೆದ್ದಿತು. ಮಧ್ಯೆ ಸಿಕ್ಕಿದ್ದು ನೂರು ದಿನದ ಆಸುಪಾಸು. ಯಾರೂ ಅದಕ್ಕೆ ಔಷಧ ಕೊಡಲಿಲ್ಲ, ಹಿಡಿಯಲಿಲ್ಲ, ಮೀನು ಎಸೆಯಲಿಲ್ಲ. ನೋಡಿದರು, ಅಷ್ಟೇ. ನೋಡುವುದರಲ್ಲೂ ಸರಿ ತಪ್ಪು ಇದೆ. ಈ ಪ್ರಕರಣದಲ್ಲಿ ಬಹುತೇಕರ ಕಣ್ಣು ದವಡೆಯ ಮೇಲೇ ನೆಟ್ಟಿತ್ತು. ಅದು ಬದುಕುತ್ತದೆಯೇ ಎಂಬುದಕ್ಕೆ ಉತ್ತರ ಇದ್ದದ್ದು ಮೀನಿನಲ್ಲಿ.

ಜಾಗ ಮತ್ತು ಗಡುವು

ಕಟ್ಮಾಯ್ ರಾಷ್ಟ್ರೀಯ ಉದ್ಯಾನದಲ್ಲಿ ಸುಮಾರು 2,200 ಕಂದು ಕರಡಿಗಳಿವೆ ಎಂಬುದು ಉದ್ಯಾನದ ಅಂದಾಜು. ಅದರೊಳಗಿನ ಬ್ರೂಕ್ಸ್ ನದಿಯ ಉದ್ದ ಬರೀ 2.4 ಕಿಮೀ. ಬ್ರೂಕ್ಸ್ ಸರೋವರದಿಂದ ಹೊರಟು ನಕ್ನೆಕ್ ಸರೋವರ ಸೇರುತ್ತದೆ. ನಡುವೆ ಆಳೆತ್ತರದ, 1.8 ಮೀಟರಿನ ಒಂದು ಜಲಪಾತ. ಜೋಗ ನೋಡಿದ ಕಣ್ಣಿಗೆ ಅದೊಂದು ಮೆಟ್ಟಿಲು. ಆದರೆ ಸಮುದ್ರದಿಂದ ಮೊಟ್ಟೆಯಿಡಲು ಹತ್ತಿ ಬರುವ ಸಾಕೈ ಸಾಲ್ಮನ್ ಮೀನುಗಳಿಗೆ ಆ ಮೆಟ್ಟಿಲೇ ತಡೆ. ಕೆಳಗಿನ ಗುಂಡಿಯಲ್ಲಿ ಅವು ಗುಂಪುಗಟ್ಟುತ್ತವೆ, ಕರಡಿಗಳು ಅಲ್ಲೇ ಜಮಾಯಿಸುತ್ತವೆ. 2012ರಿಂದ ಅಲ್ಲಿ ನೇರಪ್ರಸಾರದ ಕ್ಯಾಮೆರಾಗಳಿವೆ. ಹಾಗಾಗಿ ಒಂದೇ ಕಾಡುಕರಡಿಯನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವ ಅಪರೂಪದ ಅನುಕೂಲ ಇಲ್ಲಿದೆ.

ಜೂನ್ ಕೊನೆಯಿಂದ ಮೀನು ಬರತೊಡಗುತ್ತದೆ, ಜುಲೈ ಸುಗ್ಗಿ. ಆಗಸ್ಟ್‌ನಲ್ಲಿ ಕರಡಿಗಳು ಬೇರೆ ತೊರೆಗಳ ಕಡೆ ಚದುರುತ್ತವೆ. ಸೆಪ್ಟೆಂಬರ್‌ನಲ್ಲಿ ಮೊಟ್ಟೆಯಿಟ್ಟು ಸೊರಗಿದ, ಸಾಯುತ್ತಿರುವ ಮೀನು ತೇಲಿ ಬರುವಾಗ ಮತ್ತೆ ಸೇರುತ್ತವೆ. ಅಕ್ಟೋಬರ್–ನವೆಂಬರ್ ಹೊತ್ತಿಗೆ ಇಳಿಜಾರುಗಳಲ್ಲಿ ಬಿಲ ತೋಡಿ ಒಳಸೇರುತ್ತವೆ. ವಸಂತದವರೆಗೂ ಅನ್ನವಿಲ್ಲ, ನೀರಿಲ್ಲ, ಮಲಮೂತ್ರವಿಲ್ಲ. ಈ ಅವಧಿಯಲ್ಲಿ ದೇಹತೂಕದ ಮೂರನೇ ಒಂದು ಭಾಗದವರೆಗೂ ಕರಗುತ್ತದೆ. ಚಂಕ್ ಗಾತ್ರಕ್ಕೆ ಅದು ಸುಮಾರು 180 ಕೆಜಿ. ಈ 180 ಕೆಜಿಯನ್ನು ಮೊದಲೇ ಮೈಮೇಲೆ ಹೊತ್ತುಕೊಂಡು ಹೋಗಬೇಕು. ಗಾಯವಾಗಿದೆ ಎಂದು ಚಳಿಗಾಲ ಮುಂದಕ್ಕೆ ಹೋಗುವುದಿಲ್ಲ.

ಗಾಯದ ಬಗ್ಗೆ ಹೇಳಬಹುದಾದದ್ದು

ಕಾದಾಟವನ್ನು ಕಂಡವರಿಲ್ಲ. ಮೇ, ಜೂನ್ ಸಂಯೋಗದ ಕಾಲ. ಗಂಡುಗಳು ಹೆಣ್ಣಿಗಾಗಿ ಮುಖಕ್ಕೆ ಮುಖ ಕೊಟ್ಟು ಕಚ್ಚಾಡುವ ಕಾಲ. ಇನ್ನೊಂದು ಕರಡಿಯೊಂದಿಗಿನ ಜಗಳದಲ್ಲೇ ದವಡೆ ಮುರಿದಿರಬೇಕು ಎಂಬುದು ಉದ್ಯಾನದವರ ಊಹೆ. ಸಮಯವೂ ಗಾಯದ ಜಾಗವೂ ಅದಕ್ಕೆ ಒಪ್ಪುತ್ತವೆ. ಎಕ್ಸ್‌ರೇ ಇಲ್ಲದೆ ಮೂಳೆ ಎಲ್ಲಿ, ಎಷ್ಟು ತುಂಡಾಗಿದೆ ಎಂದು ಹೇಳುವುದು ವೃಥಾ. ಹೀಗಿದ್ದೂ ವಿಡಿಯೊ ನೋಡಿ ‘ಎಡಗಡೆ ಎರಡು ಕಡೆ ಮುರಿದಿದೆ’ ಎಂಬ ಮಟ್ಟದ ತೀರ್ಪು ಕೊಡುವವರು ಇಂಥ ಪ್ರಕರಣದಲ್ಲಿ ಸದಾ ಸಿಗುತ್ತಾರೆ.

ಕರಡಿಯ ಕೆಳದವಡೆ ಎರಡು ಅರ್ಧಗಳು ಗದ್ದದಲ್ಲಿ ಕೂಡಿ ಆದದ್ದು. ಒಂದು ಪಕ್ಕ ಮುರಿದರೆ ಆ ಕಡೆಯ ಸ್ನಾಯು ಎಳೆಯುವ ದಿಕ್ಕಿಗೆ ತುಂಡು ಜರುಗುತ್ತದೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಾಳೆ ತಪ್ಪುತ್ತದೆ. ಇದರಿಂದ ಮೂರು ಬೇರೆ ಬೇರೆ ಅಪಾಯ ಹುಟ್ಟುತ್ತವೆ. ಹಲ್ಲಿನ ಬೇರಿನಿಂದ ಸೋಂಕು ಮೂಳೆಗೆ ಇಳಿಯಬಹುದು. ಮೂಳೆ ಸೊಟ್ಟಗೆ ಕೂಡಬಹುದು, ಅಥವಾ ಕೂಡದೇ ಇರಬಹುದು. ಇವೆರಡೂ ಆಗದಿದ್ದರೂ, ತಿನ್ನಲಾಗದೆ ಬಿಲ ಸೇರುವಾಗ ಕೊಬ್ಬು ಸಾಲದೆ ಹೋಗಬಹುದು. ಮೊದಲನೆಯದು ವಾರಗಳಲ್ಲಿ ಗೊತ್ತಾಗುತ್ತದೆ, ಎರಡನೆಯದು ತಿಂಗಳುಗಳಲ್ಲಿ. ಮೂರನೆಯದನ್ನು ಮಾತ್ರ ದಿನದಿನವೂ ದೂರದಿಂದಲೇ ಅಳೆಯಬಹುದು. ಆದ್ದರಿಂದ ಗಮನವೆಲ್ಲ ಅಲ್ಲಿರಬೇಕು.

ಮೊದಲು ಗುರುತು

ಬ್ರೂಕ್ಸ್‌ನ ಕರಡಿಗಳನ್ನು ಮೈಗುರುತಿನಿಂದಲೇ ಪತ್ತೆ ಹಚ್ಚುವುದು ವಾಡಿಕೆ. ಜುಲೈಯಲ್ಲಿ ಹಳೆಯ ತುಪ್ಪಳ ಉದುರಿ ತೇಪೆತೇಪೆಯಾಗಿ ಕಾಣುವ ಕರಡಿ, ಸೆಪ್ಟೆಂಬರ್‌ನಲ್ಲಿ ಹೊಸ ತುಪ್ಪಳದೊಂದಿಗೆ ಕಪ್ಪಗೆ, ಬೇರೆಯೇ ಪ್ರಾಣಿಯಂತೆ ಕಾಣುತ್ತದೆ. ಬಣ್ಣ ನಂಬಿದವರು ಕೆಟ್ಟರು. ಚಂಕ್‌ಗೆ ಬದಲಾಗದ ಮೂರು ಗುರುತುಗಳಿವೆ: ಹತ್ತಿರ ಹತ್ತಿರ ಇರುವ ಕಣ್ಣು, ಮುಂಚಾಚಿದ ಹುಬ್ಬಿನ ದಿಂಡು, ಮೂತಿಗೆ ಅಡ್ಡಲಾದ ಹಳೆಯ ಗಾಯದ ಕಲೆ. 2007ರಲ್ಲಿ, ಸುಮಾರು ಎರಡೂವರೆ ವರ್ಷದ ಪ್ರಾಯದಲ್ಲಿ ಅದನ್ನು ಮೊದಲು ಗುರುತಿಸಲಾಯಿತು. ಹೊಸ ಗಾಯವನ್ನೇ ಗುರುತು ಮಾಡಿಕೊಳ್ಳುವುದು ಸುಲಭದ ತಪ್ಪು. ದವಡೆ ವಾಸಿಯಾಗುತ್ತ ಹೋದಂತೆ ಆ ಗುರುತು ಅಳಿಸುತ್ತದೆ, ಮೂತಿಗೆ ಏಟು ತಿಂದ ಇನ್ನೊಂದು ಗಂಡು ದಾಖಲೆಯೊಳಗೆ ನುಸುಳುತ್ತದೆ. ಪ್ರತಿ ನಮೂದಿಗೂ ದವಡೆಯನ್ನು ಬಿಟ್ಟು ಕನಿಷ್ಠ ಎರಡು ಹಳೆಯ ಗುರುತು ಕೂಡಿಬರಬೇಕು. ಬರದಿದ್ದರೆ ‘ಖಚಿತವಲ್ಲ’ ಎಂದು ಬರೆದು ಮುಂದೆ ಹೋಗುವುದು ಲೇಸು.

ದೂರದ ವಿಷಯ ಹೆಚ್ಚು ಹೇಳಬೇಕಿಲ್ಲ. ಕಟ್ಮಾಯ್‌ನಲ್ಲಿ ಕರಡಿಯಿಂದ 50 ಗಜ, ಸುಮಾರು 46 ಮೀಟರ್ ಬಿಡಬೇಕೆಂಬ ನಿಯಮವಿದೆ. ಬ್ರೂಕ್ಸ್‌ನಲ್ಲಿ ನೋಡಲು ಎತ್ತರದ ಅಟ್ಟಣೆಗಳಿವೆ. ಗಾಯಗೊಂಡ ಪ್ರಾಣಿಗೆ ಇನ್ನೂ ಹೆಚ್ಚು ಬಿಡಬೇಕು, ಮರುಕಕ್ಕಲ್ಲ, ಲೆಕ್ಕಕ್ಕೆ. ಮನುಷ್ಯರನ್ನು ಕಂಡು ಒಂದು ಸಲ ನೀರು ಬಿಟ್ಟು ಎದ್ದರೆ ಆ ಜಾಗಕ್ಕೆ ಇನ್ನೊಂದು ಕರಡಿ ಬಂದು ಕೂತಿರುತ್ತದೆ. ಮತ್ತೆ ಜಾಗ ಪಡೆಯಲು ಬೆದರಿಸಬೇಕು, ಬೆದರಿಕೆ ಜಗಳವಾದರೆ ಅದೇ ದವಡೆಯನ್ನು ಮುಂದೊಡ್ಡಬೇಕು.

ದಾಖಲೆಯಲ್ಲಿ ಏನಿರಬೇಕು

ನೋಡಿ ಬರೆಯುವವರಿಗೆ ಅರ್ಧ ಗಂಟೆಯ ಸರದಿ ಅನುಕೂಲ. ಆ ಅರ್ಧ ಗಂಟೆ ಇನ್ನೊಂದು ಕರಡಿಯತ್ತ ಕಣ್ಣು ಹೊರಳಬಾರದು. ಮರಿಗಳು ಬಂದಾಗ ಇದು ಎಷ್ಟು ಕಷ್ಟವೆಂದು ಅಲ್ಲಿ ನಿಂತವರಿಗೇ ಗೊತ್ತು. ಹಿಡಿದ ಮೀನೆಷ್ಟು, ಪೂರ್ತಿ ತಿಂದದ್ದೆಷ್ಟು, ಬಾಯಿಂದ ಜಾರಿ ಹೋದದ್ದೆಷ್ಟು, ಕಸಿದುಕೊಂಡು ಹೋದದ್ದೆಷ್ಟು ಎಂದು ಬೇರೆ ಬೇರೆ ಅಂಕಣ ಬೇಕು. ಇವನ್ನೆಲ್ಲ ಒಟ್ಟಿಗೆ ‘ಮೀನು: 6’ ಎಂದು ಬರೆದರೆ ಆ ಆರು ಏನನ್ನೂ ಹೇಳುವುದಿಲ್ಲ. ದವಡೆಗಾಯದ ಮೊದಲ ಸುಳಿವು ಹಿಡಿಯುವುದಕ್ಕೂ ತಿನ್ನುವುದಕ್ಕೂ ನಡುವಿನ ಅಂತರದಲ್ಲಿರುತ್ತದೆ.

ಎಲ್ಲಕ್ಕಿಂತ ಬೆಲೆಯುಳ್ಳ ಸಂಖ್ಯೆ ಒಂದು ಮೀನಿಗೆ ತಗಲುವ ಸಮಯ. ಮೀನು ಕೈಗೆ ಬಂದ ಕ್ಷಣದಿಂದ ಕರಡಿ ತಲೆಯೆತ್ತಿ ಮತ್ತೆ ನೀರು ನೋಡುವ ಕ್ಷಣದವರೆಗೆ ಗಡಿಯಾರ ಓಡಬೇಕು. ಲೆಕ್ಕ ತಿಳಿಯಲು ಒಂದು ಉದಾಹರಣೆ ಸಾಕು. ಒಂದು ಮೀನಿಗೆ 5 ನಿಮಿಷ ಹಿಡಿಯುತ್ತಿದ್ದ ಕರಡಿಗೆ ಈಗ 12 ನಿಮಿಷ ಬೇಕಾಯಿತು ಎನ್ನೋಣ. ಮೊದಲು 30 ಮೀನಿಗೆ ಎರಡೂವರೆ ಗಂಟೆ, ಈಗ ಆರು ಗಂಟೆ. ದಿನಕ್ಕೆ ಆರು ಗಂಟೆ ನದಿಯಲ್ಲಿ ನಿಲ್ಲಲು ಜಾಗವೂ, ಆರು ಗಂಟೆ ಸಾಲುವಷ್ಟು ಮೀನೂ ಇದ್ದರೆ ಗಾಯ ಹೊಟ್ಟೆಯನ್ನು ಮುಟ್ಟುವುದಿಲ್ಲ. ಇಲ್ಲದಿದ್ದರೆ ಮುಟ್ಟುತ್ತದೆ. ಒಂದು ಸಾಕೈ ಮೀನಿಗೆ ಸುಮಾರು 4,500 ಕ್ಯಾಲೊರಿ ಎಂಬುದು ಉದ್ಯಾನದ ಲೆಕ್ಕ. ಸುಗ್ಗಿಯಲ್ಲಿ ದೊಡ್ಡ ಗಂಡು ದಿನಕ್ಕೆ 30ಕ್ಕೂ ಹೆಚ್ಚು ಮೀನು ತಿನ್ನಬಲ್ಲದು. ಹತ್ತು ಮೀನು ತಪ್ಪಿದರೆ 45,000 ಕ್ಯಾಲೊರಿ ಖೋತಾ.

ಇನ್ನು ಎಂಜಲು. ಮೀನು ಯಥೇಚ್ಛವಾದಾಗ ಆರೋಗ್ಯವಂತ ಕರಡಿ ಕೊಬ್ಬಿರುವ ಭಾಗ ಮಾತ್ರ, ಅಂದರೆ ಚರ್ಮ, ಮಿದುಳು, ಮೊಟ್ಟೆ ತಿಂದು ಮಾಂಸ ಬಿಡುತ್ತದೆ. ದವಡೆ ನೋಯುವ ಕರಡಿಯೂ ಎಂಜಲು ಬಿಡುತ್ತದೆ. ದೂರದಿಂದ ಎರಡೂ ಒಂದೇ. ಬಿಟ್ಟದ್ದೇನು ಎಂಬುದರಲ್ಲಿ ವ್ಯತ್ಯಾಸವಿದೆ. ಚರ್ಮ ಸುಲಿದು, ತಲೆ ಒಡೆದು, ಕೆಂಪು ಮಾಂಸದ ಹಲಗೆ ಬಿಟ್ಟಿದ್ದರೆ ಅದು ಹೊಟ್ಟೆ ತುಂಬಿದವನ ಆಯ್ಕೆ. ತಲೆ ಇಡಿಯಾಗಿ ಉಳಿದು, ಬೆನ್ನಿನ ಮೂಳೆ ಮುರಿಯದೆ, ಮೆತ್ತನೆಯ ಹೊಟ್ಟೆಭಾಗ ಮಾತ್ರ ಕಿತ್ತಿದ್ದರೆ ಅದು ಅಗಿಯಲಾಗದವನ ಗತಿ. ಸೀಗಲ್ ಹಕ್ಕಿಗಳು ಎಂಜಲಿಗೆ ಎರಗುವ ಮೊದಲೇ ಒಂದು ಚಿತ್ರ ತೆಗೆದುಕೊಳ್ಳಬೇಕು, ಅರೆಗಳಿಗೆ ತಡವಾದರೂ ಸಾಕ್ಷ್ಯ ಹಾರಿಹೋಗುತ್ತದೆ.

ತಿನ್ನುವ ರೀತಿಯನ್ನು ಮಾತಿನಲ್ಲಿ ಬರೆಯಬೇಕು. ಮುಂಗಾಲಿನಿಂದ ಮೀನನ್ನು ಬಂಡೆಗೆ ಒತ್ತಿ ಮೇಲ್ಹಲ್ಲಿನಿಂದ ಎಳೆಯುತ್ತಿದೆಯೇ, ತಲೆಯನ್ನು ಒಂದೇ ಪಕ್ಕಕ್ಕೆ ವಾಲಿಸಿ ಅಗಿಯುತ್ತಿದೆಯೇ, ಜೊಲ್ಲು ಹಗ್ಗದಂತೆ ಇಳಿಯುತ್ತಿದೆಯೇ, ಅದರಲ್ಲಿ ರಕ್ತ ಕೀವು ಇದೆಯೇ. ಕರಡಿಗೆ ಕೈಯಷ್ಟೇ ಚುರುಕಾದ ಮುಂಗಾಲಿದೆ ಎಂಬುದು ಇಲ್ಲಿ ದೊಡ್ಡ ವಿಷಯ. ತೋಳಕ್ಕೆ ಇದೇ ಗಾಯವಾಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಜಲಪಾತದ ಬುಡದಲ್ಲಿ ನೊರೆ ಕುದಿಯುವ ಗುಂಡಿಗೆ ಅಲ್ಲಿನವರು ‘ಜಕೂಜಿ’ ಎನ್ನುತ್ತಾರೆ. ಅಲ್ಲಿ ಕೂತ ಕರಡಿ ನೀರೊಳಗೆ ಪಾದದಿಂದ ಮೀನನ್ನು ತಡವಿ ಮೈಗೆ ಅವುಚಿಕೊಳ್ಳುತ್ತದೆ. ಜಲಪಾತದ ನೆತ್ತಿಯಲ್ಲಿ ನಿಂತು ಹಾರುವ ಮೀನನ್ನು ಬಾಯಲ್ಲೇ ಕಚ್ಚಿ ಹಿಡಿಯುವುದು ಇನ್ನೊಂದು ವಿಧಾನ. ಇದಕ್ಕೆ ದವಡೆ ಬೇಕೇ ಬೇಕು, ಅದಕ್ಕೆ ಅಷ್ಟಾಗಿ ಬೇಡ. ಹಾಗಾಗಿ ಗಾಯಗೊಂಡ ಕರಡಿ ಯಾವ ಜಾಗದಲ್ಲಿ ನಿಂತಿದೆ ಎಂಬುದೇ ಅರ್ಧ ವರದಿ.

ಪಕ್ಕದ ಕರಡಿಗಳು

ಬ್ರೂಕ್ಸ್‌ನಲ್ಲಿ ಜಾಗ ಹಂಚುವುದು ಯಜಮಾನಿಕೆ. ದೊಡ್ಡದು ನಡೆದು ಬಂದರೆ ಚಿಕ್ಕದು ಏಳುತ್ತದೆ, ಬಹುಮಟ್ಟಿಗೆ ಒಂದು ಗುರುಗುಟ್ಟುವಿಕೆಯೂ ಇಲ್ಲದೆ. ಚಂಕ್ ಗಾಯಕ್ಕೆ ಮುಂಚೆ ಆ ನದಿಯ ಅತಿ ಪ್ರಬಲ ಗಂಡುಗಳಲ್ಲೊಂದು. ಮುರಿದ ದವಡೆಯೊಂದಿಗೂ ಅದು ಮೇಲಿನ ಪಂಕ್ತಿಯಲ್ಲೇ ಉಳಿಯಿತು. ಕರಡಿಗಳು ಎದುರಾಳಿಯ ಹಲ್ಲನ್ನು ತಪಾಸಣೆ ಮಾಡುವುದಿಲ್ಲ, ಗಾತ್ರ, ನಡಿಗೆ, ಹಳೆಯ ಪರಿಚಯ ನೋಡುತ್ತವೆ. ಅಷ್ಟು ವರ್ಷ ಗಳಿಸಿದ ಹೆಸರು ಆ ಬೇಸಿಗೆ ಮೀನಾಗಿ ಬಂತು. ಇದೇ ಗಾಯ ಐದು ವರ್ಷದ ಪಡ್ಡೆ ಗಂಡಿಗೆ ಆಗಿದ್ದರೆ ಅದಕ್ಕೆ ಆರು ಗಂಟೆ ಜಾಗ ಬಿಡುವವರು ಯಾರು?

ಆದ್ದರಿಂದ ಪ್ರತಿ ಎದುರಾಗುವಿಕೆಯಲ್ಲೂ ಯಾರು ಎದ್ದರು, ಯಾರು ಕೂತರು ಎಂದು ಬರೆಯಬೇಕು. ಮೊದಲು ತನಗೆ ದಾರಿ ಬಿಡುತ್ತಿದ್ದ ಕರಡಿಗೆ ಈಗ ತಾನೇ ದಾರಿ ಬಿಟ್ಟರೆ, ತೂಕದಲ್ಲಿ ಇಳಿತ ಕಾಣುವ ಎಷ್ಟೋ ಮೊದಲೇ ಬಂದ ಎಚ್ಚರಿಕೆ ಅದು.

ಆ ವರ್ಷ ಮೀನೂ ಅಸಾಧಾರಣ. ಸೆಪ್ಟೆಂಬರ್‌ವರೆಗೂ ಧಾರಾಳವಾಗಿ ಹತ್ತಿತು, ಕರಡಿಗಳ ನಡುವೆ ಜಗಳ ಕಡಿಮೆಯಾಯಿತು. ಚಂಕ್ ಉಳಿದದ್ದಕ್ಕೆ ‘ಛಲ’ ಎಂಬ ಕಾರಣ ಕೊಡುವವರು ಈ ಸಾಲನ್ನು ಎರಡು ಸಲ ಓದಬೇಕು.

ಮೈ ನೋಡುವಾಗ ಮೋಸ

ಯಾರೂ ಈ ಕರಡಿಗಳನ್ನು ತಕ್ಕಡಿಯಲ್ಲಿ ತೂಗುವುದಿಲ್ಲ. 544 ಕೆಜಿ ಕಣ್ಣಂದಾಜು. ಕೆಲವು ಕರಡಿಗಳ ಗಾತ್ರವನ್ನು ಲೇಸರ್ ಸ್ಕ್ಯಾನ್‌ನಿಂದ ಅಳೆದು ತೂಕ ಊಹಿಸಿದ್ದುಂಟು. 747ನೇ ಕರಡಿಗೆ 2020ರಲ್ಲಿ ಹಾಗೆ 1,400 ಪೌಂಡಿನ ಆಸುಪಾಸು ಬಂದಿತ್ತು. ಮತದಾನ ಗೆದ್ದದ್ದು ತೂಕಕ್ಕೆ ಪುರಾವೆಯಲ್ಲ. 2025ರ ಕೊನೆಯ ಸುತ್ತಿನಲ್ಲಿ ಚಂಕ್‌ಗೆ 96,350, ಎದುರಾಳಿ 856ಕ್ಕೆ 63,725 ಮತ ಬಿದ್ದವು. ಅದರಲ್ಲಿ ಮುರಿದ ದವಡೆಯ ಪಾಲೆಷ್ಟು, ಹೊಟ್ಟೆಯ ಪಾಲೆಷ್ಟು ಎಂದು ಬೇರ್ಪಡಿಸಲಾಗದು.

ಹೋಲಿಕೆಗೆ ಒಂದೇ ಜಾಗದ, ಒಂದೇ ಕೋನದ, ನೇರ ಪಕ್ಕನೋಟದ ಚಿತ್ರ ಬೇಕು. ಕಾಲಿನ ಮಣಿಕಟ್ಟು ಕಾಣಬೇಕು. ಮೊಣಕಾಲು ಮುಳುಗುವ ನೀರಿನಲ್ಲಿ ಹೊಟ್ಟೆಯ ಜೋಲು ಮರೆಯಾಗಿ ಕರಡಿ ಸಣ್ಣದೆನಿಸುತ್ತದೆ. ಒದ್ದೆ ತುಪ್ಪಳ ಮೈಗಂಟಿ ಇನ್ನೂ ಸಣ್ಣದಾಗಿ ತೋರುತ್ತದೆ, ಸೆಪ್ಟೆಂಬರ್‌ನ ಒಣ ಹೊಸ ತುಪ್ಪಳ ಇದ್ದದ್ದಕ್ಕಿಂತ ದಪ್ಪಗೆ ತೋರಿಸುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯದೊಂದು, ಸಂಜೆ ತುಂಬಿದ ಹೊಟ್ಟೆಯದೊಂದು ಇಟ್ಟುಕೊಂಡು ‘ಒಂದೇ ವಾರದಲ್ಲಿ ಎಷ್ಟು ಬೆಳೆದಿದೆ ನೋಡಿ’ ಎಂದರೆ ಅದು ಮೀನು, ಕೊಬ್ಬಲ್ಲ. ಹೊಟ್ಟೆಗಿಂತ ಸೊಂಟದ ಮೂಳೆ, ಭುಜದ ಹಿಂದಿನ ತಗ್ಗು, ಕತ್ತಿನ ಹಿಂಭಾಗ ನಂಬಿಕೆಗೆ ಅರ್ಹ. ಸೊಂಟದ ಮೂಳೆ ಮುಚ್ಚಿಹೋಗಿ ಹಿಂಭಾಗ ಗುಂಡಗಾದರೆ ಕೊಬ್ಬು ಕೂತಿದೆ ಎಂದರ್ಥ. ಮುಖ ಮಾತ್ರ ಉಬ್ಬಿದ್ದರೆ ಅದು ಬಾವು.

ಕಣ್ಣನ್ನು ಕೆಡಿಸುವ ಇನ್ನೊಂದು ವಸ್ತು ಮನಸ್ಸು. 2024ರ ಜುಲೈನಲ್ಲಿ 128 ಗ್ರೇಜರ್ ಎಂಬ ತಾಯಿಕರಡಿಯ ಮರಿ ಜಲಪಾತದಿಂದ ಕೆಳಗೆ ಬಿದ್ದಾಗ ಅದರ ಮೇಲೆರಗಿದ್ದು ಇದೇ ಚಂಕ್. ಆ ಮರಿ ಉಳಿಯಲಿಲ್ಲ. ಆ ವರ್ಷದ ಕೊನೆಯ ಸುತ್ತಿನಲ್ಲಿ ಗ್ರೇಜರ್ ಇದನ್ನು 71,248ಕ್ಕೆ 30,468 ಮತಗಳಿಂದ ಸೋಲಿಸಿತು. ಒಂದು ವರ್ಷದ ಖಳ ಮರುವರ್ಷದ ನಾಯಕ, ಕರಡಿ ಮಾತ್ರ ಅದೇ. ಕನಿಕರದಿಂದ ನೋಡುವವರು ತಿಂದ ಮೀನನ್ನು ಕಡಿಮೆ ಎಣಿಸುತ್ತಾರೆ, ಸಂಭ್ರಮದಿಂದ ನೋಡುವವರು ಜಾಸ್ತಿ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಆಮೇಲೆ ತಾಳೆ ನೋಡುವುದೊಂದೇ ಇದಕ್ಕೆ ಮದ್ದು.

ಯಾಕೆ ಚಿಕಿತ್ಸೆ ಮಾಡಲಿಲ್ಲ

ಉದ್ಯಾನದ ಧೋರಣೆ ಸ್ಪಷ್ಟ: ಕರಡಿ ಕರಡಿಗೆ ಮಾಡಿದ ಗಾಯದಲ್ಲಿ ಕೈಹಾಕುವುದಿಲ್ಲ. 2024ರ ಸೆಪ್ಟೆಂಬರ್ 30ರಂದು 469ನೇ ಗಂಡು 402ನೇ ಹೆಣ್ಣನ್ನು ನೇರಪ್ರಸಾರದಲ್ಲೇ ಕೊಂದಾಗಲೂ ಯಾರೂ ನಡುವೆ ಹೋಗಲಿಲ್ಲ. ಗಾಯಕ್ಕೆ ಮನುಷ್ಯ ಕಾರಣನಾದರೆ ಲೆಕ್ಕ ಬೇರೆ. 2014ರಲ್ಲಿ 854 ಡಿವಟ್ ಎಂಬ ಹೆಣ್ಣು ಕತ್ತಿಗೆ ತಂತಿಯ ಉರುಳು ಸಿಕ್ಕಿಸಿಕೊಂಡು ಬಂದಾಗ ಅರಿವಳಿಕೆ ಕೊಟ್ಟು ಉರುಳು ತೆಗೆದರು. ಅದು ಬದುಕಿತು.

ಧೋರಣೆ ಪಕ್ಕಕ್ಕಿಟ್ಟರೂ ದವಡೆಯ ಕೆಲಸ ಆಗುವಂಥದ್ದಲ್ಲ. ಉರುಳು ತೆಗೆಯಲು ಇಕ್ಕಳ ಸಾಕು, ದವಡೆಗೆ ತಗಡು, ತಿರುಪು, ವಾರಗಟ್ಟಲೆ ಮೆತ್ತನೆಯ ಆಹಾರ, ಪದೇ ಪದೇ ತಪಾಸಣೆ ಬೇಕು. ಅರಿವಳಿಕೆಯ ಬಾಣ ನೆಟ್ಟ ಮೇಲೆ ಮದ್ದು ಹತ್ತಲು ಕೆಲವು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಕರಡಿ ನೀರಿಗಿಳಿದರೆ ಮುಳುಗಿ ಸಾಯುತ್ತದೆ, ದಡದಲ್ಲೇ ಬಿದ್ದರೆ ಇನ್ನೊಂದು ಗಂಡು ಬರಬಹುದು. ಶರತ್ಕಾಲದಲ್ಲಿ ಇನ್ನೊಂದು ತೊಡಕು. ಕುಂಡೆಯ ಮೇಲೆ ಕೊಬ್ಬು ದಪ್ಪಗೆ ಕೂತಿರುವಾಗ ಗಿಡ್ಡ ಸೂಜಿ ಸ್ನಾಯು ಮುಟ್ಟದೆ ಕೊಬ್ಬಿನಲ್ಲೇ ನಿಲ್ಲುತ್ತದೆ. ಅಲ್ಲಿ ರಕ್ತಸಂಚಾರ ಕಡಿಮೆ, ಮದ್ದು ನಿಧಾನಕ್ಕೆ, ಅಂದಾಜಿಗೆ ಸಿಗದಂತೆ ಹತ್ತುತ್ತದೆ. ಅದಕ್ಕೇ ಉದ್ದ ಸೂಜಿ, ಭುಜ ಅಥವಾ ಕತ್ತಿನ ಗುರಿ.

ಕರ್ನಾಟಕದ ಕರಡಿಗೆ ಈ ಗಡುವಿಲ್ಲ. ದರೋಜಿಯ ಬಂಡೆಗಳ ನಡುವಿನ ನಮ್ಮ ಜೇನುಗರಡಿ ಚಳಿಗಾಲದಲ್ಲೂ ಎದ್ದು ಗೆದ್ದಲು, ಹಣ್ಣು ಹುಡುಕುತ್ತದೆ. ಗಾಯಗೊಂಡದ್ದು ಈ ವಾರ ತಿಂದಿತೇ ಎಂಬುದೇ ಪ್ರಶ್ನೆ, ಆರು ತಿಂಗಳಿಗೆ ಕೂಡಿಟ್ಟಿತೇ ಎಂಬುದಲ್ಲ. ಆದರೆ ಕಾಡುಹಂದಿಗೆ ಒಡ್ಡಿದ ಉರುಳಿಗೆ ಸಿಕ್ಕ ಕರಡಿಯನ್ನು ಡಿವಟ್ ಸಾಲಿಗೆ ಸೇರಿಸಬೇಕು, ಚಂಕ್ ಸಾಲಿಗಲ್ಲ. ಅಲ್ಲಿ ಸುಮ್ಮನೆ ನೋಡುತ್ತ ನಿಲ್ಲುವುದು ತಪ್ಪು. ಗುಂಪು ಚದುರಿಸಿ, ಅರಣ್ಯ ಇಲಾಖೆಗೆ ತಿಳಿಸಿ, ವೈದ್ಯರು ಬರುವವರೆಗೆ ಯಾರೂ ಹತ್ತಿರ ಹೋಗದಂತೆ ಕಾಯಬೇಕು.

ಬಿಲದೊಳಗೆ, ಆಮೇಲೆ

ಬಿಲ ಸೇರಿದ ಮೇಲೆ ಗಾಯ ಕೊಳೆಯುತ್ತದೆ ಎಂಬ ಭಯ ಸಹಜ, ಆದರೆ ಗೊತ್ತಿರುವುದು ಅದಕ್ಕೆ ವಿರುದ್ಧ. ಶಿಶಿರನಿದ್ರೆಯಲ್ಲಿ ಕರಡಿಯ ಮೈಬಿಸಿ ಕೆಲವೇ ಡಿಗ್ರಿ ಇಳಿಯುತ್ತದೆ, ಉತ್ತರಧ್ರುವ ಪ್ರದೇಶದ ನೆಲ ಅಳಿಲಿನಂತೆ ಹೆಪ್ಪುಗಟ್ಟುವ ಮಟ್ಟಕ್ಕಲ್ಲ. ಅಮೆರಿಕದ ಮಿನೆಸೋಟದ ಕಪ್ಪು ಕರಡಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚರ್ಮದ ಸಣ್ಣ ಗಾಯಗಳು ನಿದ್ರೆಯ ಕಾಲದಲ್ಲೇ ಕಲೆ ಕಡಿಮೆಯಾಗಿ ಮಾಗಿದ್ದವು, ಕೂದಲೂ ಮತ್ತೆ ಹುಟ್ಟಿತ್ತು. ತಿಂಗಳುಗಟ್ಟಲೆ ಮಲಗಿದ ಮನುಷ್ಯನ ಮೂಳೆ ಸವೆಯುವಂತೆ ಕರಡಿಯ ಮೂಳೆ ಸವೆಯುವುದಿಲ್ಲ. ಜೊತೆಗೆ ಆರು ತಿಂಗಳು ಆ ದವಡೆಗೆ ಅಗಿಯುವ ಕೆಲಸವೂ ಇಲ್ಲ. ಮುರಿದ ದವಡೆಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಯಾರು ಕಟ್ಟಿಯಾರು? ಚರ್ಮದ ಗಾಯದ ಫಲಿತಾಂಶವನ್ನು ಮೂಳೆಗೆ ಹಾಗೇ ಹಚ್ಚಬಾರದು ಎಂಬ ಎಚ್ಚರ ಮಾತ್ರ ಇರಲಿ. ಜರುಗಿದ ಮೂಳೆ ನೆಟ್ಟಗೆ ಕೂಡುವುದಿಲ್ಲ, ಇದ್ದಲ್ಲೇ ಕೂಡುತ್ತದೆ.

ಮೊಂಡು ಹಲ್ಲಿನಿಂದಲೂ ಬದುಕು ಸಾಗುತ್ತದೆ ಎಂಬುದಕ್ಕೆ ಇದೇ ನದಿಯ 480 ಓಟಿಸ್ ಇತ್ತು. ಎರಡು ಕೋರೆಹಲ್ಲು ಕಳೆದುಕೊಂಡಿದ್ದ ಆ ಮುದಿ ಕರಡಿ 2021ರಲ್ಲಿ ತಡವಾಗಿ, ಸೊರಗಿ ಬಂದು, ನಾಲ್ಕನೇ ಸಲ ಅದೇ ಮತದಾನ ಗೆದ್ದಿತು. ಆದರೆ ಓಟಿಸ್‌ಗೂ ಚಂಕ್‌ಗೂ ನೆರವಾದದ್ದು ಸಾಲ್ಮನ್, ಮೆತ್ತಗಿನ, ಕೊಬ್ಬು ತುಂಬಿದ ಮೀನು. ವಸಂತದಲ್ಲಿ ಬಿಲ ಬಿಟ್ಟು ಬಂದ ಕಂದು ಕರಡಿಗೆ ಮೀನಿಲ್ಲ, ಹುಲ್ಲು. ಎಳೆಯ ಜೊಂಡುಹುಲ್ಲನ್ನು ಕತ್ತರಿಸಲು ಮೇಲಿನ ಕೆಳಗಿನ ಮುಂಬಾಯಿ ಹಲ್ಲುಗಳು ಒಂದರ ಮೇಲೊಂದು ಕೂರಬೇಕು. ದವಡೆ ಸೊಟ್ಟಗೆ ಕೂಡಿದ್ದರೆ ಅಲ್ಲಿ ಗೊತ್ತಾಗುತ್ತದೆ: ಕರಡಿ ಹುಲ್ಲನ್ನು ಕಚ್ಚಿ ಕತ್ತರಿಸದೆ, ಬಾಯಿಯ ಪಕ್ಕದಲ್ಲಿ ಸಿಕ್ಕಿಸಿಕೊಂಡು ತಲೆ ಎಳೆದು ಕೀಳುತ್ತದೆ, ಬೇರು ಮಣ್ಣು ಸಮೇತ. ಮೇ ತಿಂಗಳ ಮೊದಲ ಪಕ್ಕನೋಟದ ಚಿತ್ರದ ಜೊತೆಗೆ, ಅದು ಮೇಯ್ದು ಹೋದ ಹುಲ್ಲಿನ ತುದಿಯದೂ ಒಂದು ಚಿತ್ರ ಬೇಕು.